ಮೆಂತ್ಯದ ಡಬ್ಬಿಯ ಲೆಕ್ಕಗಳು

ಗೌರಿಯ ಕೆಚ್ಚಲು ತೊಳೆದು ಅರ್ಧ ಚೊಂಬು ಹಾಲು ಕರೆದಿರಲಿಲ್ಲ, ರಮ್ಯ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ಮೆಂತ್ಯದ ಡಬ್ಬಿಲಿ..."

ನನ್ನ ಕೈ ನಿಂತಿತು. ಹಸು ತಿರುಗಿ ನೋಡಿತು.

"ಏನವ್ವ?"

"ಏನಿಲ್ಲ ಬುಡು. ಮೆಂತ್ಯ ಮುಗಿದದೆ."

ಹೊರಟುಹೋದಳು. ಮೆಂತ್ಯ ಮುಗಿದಿರಲಿಲ್ಲ. ಮೆಂತ್ಯದ ಕೆಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಈಗ ಅವಳಿಗೂ ಗೊತ್ತಾಯಿತು.

ನಾಡಿದ್ದು ಅವಳ ಸೆಕೆಂಡ್ ಪಿಯುಸಿ ಮ್ಯಾಥ್ಸ್ ಪರೀಕ್ಷೆ. ಒಳಗೆ ಫೋನನ್ನು ಸ್ಪೀಕರಿಗೆ ಹಾಕಿ, ತೆರಕಣಾಂಬಿಯ ಗೆಳತಿ ಶಾಂತಿಯ ಜೊತೆ ಮಾತಿಗೆ ಕೂತಳು.

"ಇಂಟಿಗ್ರೇಶನ್ ಬುಟ್ಬುಡ್ಲೇನೆ? ಮ್ಯಾಟ್ರಿಕ್ಸು, ವೆಕ್ಟರ್ರು ಮಾಡ್ಕಂಡ್ರೆ ಪಾಸಾಯ್ತೀನಿ," ಎಂದಳು ಶಾಂತಿ.

"ಪಾಸಾಗಕ್ಕಾ ಇಷ್ಟ್ ಓದಿದ್ದು? ಇ ಪವರ್ ಎಕ್ಸ್ ಸೈನ್ ಎಕ್ಸ್ ಮಾಡ್ಕೊ. ಮೂರ್ ವರ್ಷ ಬಂದದೆ."

"ಅದು ಸುತ್ಕಂಡು ಸುತ್ಕಂಡು ಅಲ್ಲಿಗೇ ಬತ್ತದೆ ಕಣೆ. ತಲೆ ಕೆಡ್ತದೆ."

"ಎರಡ್ ಸಲ ಬೈ ಪಾರ್ಟ್ಸ್ ಮಾಡು. ಅದೇ ಲೆಕ್ಕ ವಾಪಸ್ ಬಂದಾಗ ಹೆದರ್ಕಬ್ಯಾಡ, ಎತ್ತಿ ಈ ಕಡೆಗೆ ತಗೊ. ಮುಗೀತು."

"ಯಾರೆ ಯೋಳ್ಕೊಟ್ಟಿದ್ದು?"

ರಮ್ಯ ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿತು.

"ಡೈರಿ ಸ್ವಾಮಿ ಸರ್," ಎಂದಳು.

ರಮ್ಯನ ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಹಾಲು, ಆಮೇಲೆ ಕೂಲಿ, ಸಂಜೆ ಮತ್ತೆ ಹಾಲು. ಈ ಕೆಲವು ತಿಂಗಳು ಅರಿಸಿನದ ಕೆಲಸ. ಎಷ್ಟು ತಿಕ್ಕಿದರೂ ಬೆರಳು ಹಳದಿ. ಮಲಗಿದರೆ ಸಾಕು ಎನ್ನುವಷ್ಟು ದಣಿವು. ಮಲಗಿ ಎದ್ದರೂ ಅದು ಹಾಸಿಗೆಯ ಪಕ್ಕದಲ್ಲೇ ಕಾಯುತ್ತಿರುತ್ತದೆ.

ಭೀಮನಬೀಡಿನಲ್ಲಿ ನಾವು ಹಾಲು ಹಾಕುವ ಡೈರಿಯ ಮಲ್ಲಿಕಾರ್ಜುನಸ್ವಾಮಿ, ಚಾಮರಾಜನಗರದಲ್ಲಿ ಬಿ.ಎಸ್ಸಿ. ಮುಗಿಸಿದವರು. ತಂಗಿಯರ ಮದುವೆ, ಅವ್ವನ ಕಾಯಿಲೆ ಎಂದು ಅವರ ಮದುವೆ ಹಿಂದೆ ಬಿದ್ದು, ವಯಸ್ಸು ನಲವತ್ತು ದಾಟಿತು. ಜೂನ್‌ನಲ್ಲಿ ರಮ್ಯ ತನಗೆ ಬಾರದ ಲೆಕ್ಕವೊಂದನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಹಾಲಿನ ಜೊತೆ ಒಯ್ದು ಕೊಟ್ಟೆ. ಸಂಜೆಗೆ ಉತ್ತರ ಬಂತು. ಒಂದೊಂದು ಹೆಜ್ಜೆಯ ಪಕ್ಕದಲ್ಲೂ ಹಾಗೇಕೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಆಮೇಲೆ ಅದೇ ರೂಢಿಯಾಯಿತು.

ಜನವರಿಯಲ್ಲಿ ರಮ್ಯ, "ಇನ್ ಮೇಲೆ ನಾನೇ ಮಾಡ್ಕತೀನಮ್ಮ" ಎಂದಳು.

ನಾನು ನಿಲ್ಲಿಸಬೇಕಿತ್ತು. ಅವಳು ಸ್ನಾನಕ್ಕೆ ಹೋದಾಗ ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಕಣ್ಣಿಗೆ ಚಂದ ಕಂಡ ಲೆಕ್ಕವೊಂದನ್ನು ನಾನೇ ಚೀಟಿಗೆ ಇಳಿಸತೊಡಗಿದೆ. ನಾನು ಓದಿದ್ದು ಹತ್ತನೇ ತರಗತಿ. ಆ ಉದ್ದ ಕೊಕ್ಕೆಯಂಥ ಗುರುತನ್ನು ರಂಗೋಲಿಯ ಎಳೆಯ ಹಾಗೆ ಎಳೆಯುತ್ತಿದ್ದೆ. ಬಂದ ಉತ್ತರಗಳೆಲ್ಲ ಮೆಂತ್ಯದ ಡಬ್ಬಿಯ ತಳ ಸೇರಿದವು.

ಊರಿಗೆಲ್ಲ ಅವರು ಸ್ವಾಮಣ್ಣ. ನಾನೂ ಹಾಗೇ ಕರೆಯುತ್ತಿದ್ದೆ. ಜನವರಿಯಿಂದ ಏನೂ ಕರೆಯುವುದಿಲ್ಲ. ಕೆಮ್ಮುತ್ತೇನೆ.

ಅಂದು ಬೆಳಿಗ್ಗೆ ಚೀಟಿ ಒಯ್ಯಲಿಲ್ಲ. ಸಾಲಿನಲ್ಲಿ ನನ್ನ ಮುಂದಿದ್ದ ಚಿಕ್ಕಮಲ್ಲಮ್ಮ ಬರಿಗೈ ನೋಡಿದಳು.

"ಏನಮ್ಮಿ ಭಾನು, ಇವತ್ತು ಲೆಕ್ಕ ತರ್ನಿಲ್ವ? ನೋಡಲ್ಲಿ, ನಮ್ ಸ್ವಾಮಣ್ಣನ ಮೊಕ ಒಡೆದ ಹಾಲಾಗದೆ."

"ನಾಡಿದ್ದು ಪರೀಕ್ಷೆ ಕಣಕ್ಕ. ಇನ್ನೇನ್ ಲೆಕ್ಕ?"

"ಪರೀಕ್ಷೆ ಮಗಳಿಗೆ ತಾನೆ?" ಎಂದು ಖಾಲಿ ಕ್ಯಾನು ಎತ್ತಿಕೊಂಡು, ನಗುತ್ತ ಹೋದಳು.

ನಾನೇ ಕೊನೆಯವಳು. ಸ್ವಾಮಿ ನನ್ನ ಹಾಲನ್ನೇ ನೋಡುತ್ತ ಹೇಳಿದರು:

"ಇ ಪವರ್ ಎಕ್ಸ್ ಸೈನ್ ಎಕ್ಸ್. ಅದನ್ನ ಮೂರು ಸಲ ಕೊಟ್ರಿ."

"ಮೂರೂ ಒಂದೇನಾ? ಅವು ಬೇರೆ ಬೇರೆ ವರ್ಷದ ಪೇಪರ್ರು..."

ಬಾಯಿಂದ ಜಾರಿಹೋಯಿತು. ಸೆರಗು ಸರಿಮಾಡಿಕೊಂಡೆ, ಸರಿಯಾಗಿಯೇ ಇತ್ತು.

"ರಮ್ಯನ ಅಕ್ಷರ ಅಲ್ಲ ಅಂತ ಜನವರೀಲೇ ಗೊತ್ತಾಯ್ತು," ಎಂದರು.

"ಮತ್ಯಾಕೆ ಮಾಡ್ಕೊಟ್ರಿ?"

"ಮಾಡ್ಕೊಡ್ದೆ ಇದ್ರೆ ನೀವು ತರೋದು ನಿಲ್ಲಿಸ್ತಿದ್ರಿ." ಈಗ ತಲೆಯೆತ್ತಿದರು. ಕಣ್ಣಿನ ಕೆಳಗೆ ನನ್ನಷ್ಟೇ ಕಪ್ಪು. "ಈಗ್ಲೂ ಏನಂತೆ, ಪರೀಕ್ಷೆ ಎರಡು, ಪರೀಕ್ಷೆ ಮೂರು ಅಂತ ಮಾಡ್ತಾರಲ್ಲ..."

"ನನ್ ಮಗಳು ಫೇಲಾಗ್ಲಿ ಅಂತೀರಾ?"

"ಅಯ್ಯೋ, ಅಲ್ಲ ಕಣ್ರಿ!" ಕಿವಿಯ ತುದಿಯವರೆಗೆ ಕೆಂಪಾದರು. ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು. ಅವರು ನಗಲಿಲ್ಲ.

"ಪರೀಕ್ಷೆ ಮುಗಿದ್ಮೇಲೆ ಮನೆಗೆ ಬಂದು ಕೇಳ್ಲಾ?"

"ಯಾರನ್ನ?"

"ಮೊದಲು ರಮ್ಯನ್ನ. ಆಮೇಲೆ ನಿಮ್ಮನ್ನ."

"ನಾನಾಗಿ ಅವಳಿಗೆ ಯೋಳಕಾಗಲ್ಲ. ಅವಳ ಮನಸ್ಸು ಮುರಿದ್ರೆ ನಂಗ್ ಬ್ಯಾಡ. ಅವಳ ಮನಸ್ಸು ತಿಳಿಯೋಗಂಟ ಹಾಲನ್ನೂ ಬೇರೆಯವರ ಕೈಲಿ ಕಳಿಸ್ತೀನಿ."

"ಆಗ್ಲಿ. ಕಾಯ್ತೀನಿ," ಎಂದು ಕ್ಯಾನನ್ನು ನನ್ನ ಕಡೆ ಸರಿಸಿದರು. ಮಾತಿನ ನಡುವೆಯೇ, ಎಂದೂ ಇಲ್ಲದೆ, ಅದನ್ನು ಒಳಗೂ ಹೊರಗೂ ತೊಳೆದಿಟ್ಟಿದ್ದರು.

ಎರಡು ದಿನ ರಮ್ಯ ಏನೂ ಕೇಳಲಿಲ್ಲ, ನಾನು ಏನೂ ಹೇಳಲಿಲ್ಲ. ಮೆಂತ್ಯದ ಡಬ್ಬಿ ಮುಟ್ಟದೆ ಅಡುಗೆ ಮಾಡಿದೆ.

ಪರೀಕ್ಷೆಯ ದಿನ ಕೂಲಿ ಬಿಟ್ಟು ಗುಂಡ್ಲುಪೇಟೆಗೆ ಹೋಗಿ, ಕಾಲೇಜಿನ ಗೇಟಿನ ಹೊರಗೆ ನಿಂತೆ. ಬಿಸಿಲು. ಗಂಟೆ ಹೊಡೆದ ಮೇಲೆ ಮೊದಲು ಓಡಿಬಂದದ್ದು ಶಾಂತಿ.

"ಆಂಟಿ, ಬಂತು! ಇ ಪವರ್ ಎಕ್ಸ್ ಬಂತು!"

ಹಿಂದಿನಿಂದ ರಮ್ಯ ಕೇಳಿದಳು, "ಅದೇ ವಾಪಸ್ ಬಂದಾಗ ಹೆದರ್ಕಂಡ್ಯಾ?"

"ಇಲ್ಲ ಕಣೆ. ಎತ್ತಿ ಈ ಕಡೆಗೆ ತಗಂಡೆ!"

ಶಾಂತಿ ತೆರಕಣಾಂಬಿಯ ಬಸ್ಸು ಹತ್ತಿದಳು. ನಾವು ನಮ್ಮೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆವು. ರಮ್ಯ ನನ್ನ ಭುಜಕ್ಕೆ ತಲೆಯೊರಗಿಸಿದಳು. ಮಲಗುತ್ತಾಳೆ ಎಂದುಕೊಂಡೆ. ಗುಂಡ್ಲುಪೇಟೆ ದಾಟಿದ ಮೇಲೆ, ಪರೀಕ್ಷೆಯ ಕೋಣೆಯ ಹೊರಗಿಟ್ಟಿದ್ದ ಬ್ಯಾಗು ತೆರೆದು ಮೂರು ಚೀಟಿ ತೆಗೆದಳು. ಮೆಂತ್ಯದ ವಾಸನೆ ಬಂತು.

"ಮ್ಯಾಥ್ಸ್ ಮುಗೀಲಿ ಅಂತ ಸುಮ್ನಿದ್ದೆ," ಎಂದಳು.

ನಾನು ಕಿಟಕಿಯ ಹೊರಗೆ ನೋಡಿದೆ.

"ಮೂರೂ ಒಂದೇ ಲೆಕ್ಕ ಅಮ್ಮ. ಮೂರನ್ನೂ ಅವರು ಮೊದಲಿಂದ ಕೊನೆ ತನಕ ಬರ್ದವ್ರೆ. ಒಂದ್ರಲ್ಲೂ ಹೋದ ಸಲದ್ದು ನೋಡ್ಕೊ ಅಂತ ಬರ್ದಿಲ್ಲ."

"ತಪ್ಪಾಯ್ತು ಕಣವ್ವ."

"ತಪ್ಪೇನ್ ಬಂತು, ಎಲ್ಲ ಸ್ಟೆಪ್ಪೂ ಸರಿಯಾಗೇ ಅವೆ." ಚೀಟಿಗಳ ಮೂಲೆಯಲ್ಲಿದ್ದ ನನ್ನ ಹೆಬ್ಬೆರಳಿನ ಹಳದಿ ಗುರುತನ್ನು ಒಂದೊಂದಾಗಿ ಸವರಿದಳು. "ಲಗ್ನಪತ್ರಿಕೆ ತರ ಮೂಲೇಲಿ ಅರಿಸಿನ ಬೇರೆ."

ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅವಳು ಬಿಡಲಿಲ್ಲ. ಹೊರಗೆಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಎಷ್ಟೋ ವರ್ಷಗಳಿಂದ ದಣಿದ ಆ ಎರಡು ಕೈಗಳು ಅಲ್ಲಿ ಸುಮ್ಮನೆ ಬಿದ್ದಿದ್ದವು.

ಭೀಮನಬೀಡಿನ ಸ್ಟಾಪು ಹತ್ತಿರವಾಯಿತು. ರಮ್ಯ ಚೀಟಿಗಳನ್ನು ಮಡಿಸಿ ನನ್ನ ಅಂಗೈಗೆ ಇಟ್ಟಳು.

"ಸಂಜೆ ಹಾಲು ನಾನ್ ತಗಂಡೋಯ್ತೀನಿ," ಎಂದು ನನ್ನ ಮುಖ ನೋಡಿದಳು. "ಸ್ವಾಮಿ ಸರ್‌ನ ನಮ್ಮನೆಗೆ ಬನ್ನಿ ಅಂತ ಕರೀಲಾ, ಅಮ್ಮ?"