ಹಿಂದೆ ಸರಿಯುವವನು

ಅವಳು ದುರ್ಬೀನಿನಿಂದ ಕಣ್ಣು ತೆಗೆದು ಅವನತ್ತ ನೋಡಿದಳು. ಅಷ್ಟೇ... ಕನ್ನಡಕದಂಗಡಿಯವನು ಮೆಲ್ಲಗೆ ಹಿಂದೆ ಸರಿದ.

ಮತ್ತೆ ಅದೇ! ಇವತ್ತಾದರೂ ಒಂದು ಮಾತಾಡಬಾರದೇ ಈ ಮನುಷ್ಯ?

ಪ್ರತಿ ಭಾನುವಾರ ಮಧ್ಯಾಹ್ನ ಕೆರೆಯಲ್ಲಿ ಹಕ್ಕಿ ನೋಡುವ ಗುಂಪಿಗೆ ಅವನೇ ಮುಂದಾಳು. ಆಸ್ಪತ್ರೆಯ ನರ್ಸಾದ ಅವಳು ಈ ಚಳಿಗಾಲದಲ್ಲಷ್ಟೇ ಸೇರಿದವಳು. ಬಂದದ್ದು ಬಾತುಗಳನ್ನು ನೋಡಲು, ಮನಸ್ಸು ಹೋದದ್ದು ಬೇರೆ ಕಡೆಗೆ. ಅವಳು ನೀರಿನತ್ತ ನೋಡುತ್ತಿದ್ದರೆ ಅವನು ಪಕ್ಕದಲ್ಲೇ ಇರುತ್ತಿದ್ದ. ತಿರುಗಿದರೆ ಮಾಯ! ತನ್ನನ್ನು ಕಂಡರೆ ಅವನಿಗಾಗದು ಎಂದೇ ಅವಳು ತಿಳಿದಳು.

ಅದಕ್ಕೇ ಬೆಳಿಗ್ಗೆ, ಅಕ್ಕ ತಂದ ಸಂಬಂಧಕ್ಕೆ 'ನಿನ್ನಿಷ್ಟ' ಎಂದುಬಿಟ್ಟಿದ್ದಳು. ಮಾತು ಮುಗಿಸಲು ಸಂಜೆ ಗಂಡಿನ ಕಡೆಯವರು ಬರುವವರಿದ್ದರು. ಸಾಕಿ ಸಲಹಿದ ಅಕ್ಕನಿಗೆ ಬೇಡ ಎನ್ನಲು ಅವಳ ಬಳಿ ಕಾರಣವಾದರೂ ಏನಿತ್ತು?

ಚಳಿಗಾಲಕ್ಕೆಂದು ಕೆರೆಗೆ ಬಂದಿದ್ದ ಕಡಲಕ್ಕಿಗಳು ಒಂದರ ಬಾಯಿಯ ಮೀನನ್ನು ಇನ್ನೊಂದು ಕಸಿಯುತ್ತ ಗಲಾಟೆ ಎಬ್ಬಿಸಿದ್ದವು. ಅವಳಿಗೆ ಒಂದೂ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು.

ಮುಂದಿನ ವಾರದಿಂದ ಬರುವುದಿಲ್ಲ ಎಂದು ಅವನಿಗೆ ಹೇಳಿದಳು. ಸಂಜೆಯ ವಿಷಯವನ್ನೂ ಹೇಳಿದಳು. ಅವನ ಮುಖ ಬಾಡಿತು.

"ನನ್ ಮೇಲೆ ನಿಮಗೇನು ಕೋಪ?" ಅವಳು ಕೇಳಿಯೇಬಿಟ್ಟಳು. "ನಾನು ನೋಡಿದ್ರೆ ಸಾಕು, ದೂರ ಹೋಗ್ತೀರಿ."

"ಕೋಪ ಅಲ್ಲ... ಹಕ್ಕಿ ಮೇಯೋದು ಬಿಟ್ಟು ತಲೆ ಎತ್ತಿದ್ರೆ, ನಾವು ತೀರಾ ಹತ್ರ ಹೋದ್ವಿ ಅಂತ ಅರ್ಥ. ಹಿಂದೆ ಸರೀಬೇಕು. ಇಲ್ದಿದ್ರೆ ಹಾರಿಹೋಗುತ್ತೆ." ಅವನು ಅವಳತ್ತ ತಿರುಗಿದ. "ನೀವೂ ಹೋಗ್ಬಿಟ್ರೆ ಅಂತ ಭಯ ಆಗ್ತಿತ್ತು. ನಂಗೆ ನೀವು ಬೇಕು."

ಅಯ್ಯೋ ಪೆದ್ದೇ! ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವವನಿಗೆ ಎದುರಿಗೇ ಇದ್ದವಳ ನೋಟ ಅರ್ಥವಾಗಲಿಲ್ಲವಲ್ಲ!

"ಈಗ ಹೇಳ್ತೀರಲ್ಲ..." ಅವಳು ಅತ್ತೇಬಿಟ್ಟಳು. "ನಾನೇನ್ ಮಾಡ್ಲಿ?"

ಈ ಸಲ ಅವನು ನಿಂತಲ್ಲಿಂದ ಕದಲಲಿಲ್ಲ.

ಅವಳು ಅಕ್ಕನಿಗೆ ಫೋನ್ ಮಾಡಿ, ಬಿಕ್ಕುತ್ತ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಬೈಗುಳದ ಸುರಿಮಳೆಯಾಯಿತು. ಮರ್ಯಾದೆಯ ಪ್ರಶ್ನೆ ಎಂದಳು ಅಕ್ಕ, ಬೆಳಿಗ್ಗೆ ನಿನ್ನ ಬಾಯಿಗೇನಾಗಿತ್ತು ಎಂದಳು. ಕೊನೆಗೆ ಅಕ್ಕನ ದನಿ ಮೆತ್ತಗಾಯಿತು.

"ಏನಂದ್ರು?" ಅವನು ಕೇಳಿದ.

"ಗಂಡಿನ ಕಡೆಯವ್ರಿಗೆ ಬರ್ಬೇಡಿ ಅಂತ ಹೇಳ್ತಾಳಂತೆ. ನಿಮ್ಮನ್ನ ಕರ್ಕೊಂಡು ಬಾ ಅಂದ್ಲು."

"ಯಾವಾಗ?"

"ಈಗ್ಲೇ."

"ಪ್ಯಾಂಟೆಲ್ಲ ಕೆಸರಾಗಿದೆ..."

"ಇರ್ಲಿ, ಬನ್ನಿ," ಎಂದು ಅವಳು ಅವನ ಕೈ ಹಿಡಿದಳು.