ಕೊಬ್ಬರಿ ಎಣ್ಣೆ ಕುಡಿದ ಫ್ಲಾಪಿ ಡ್ರೈವ್

ಇದ್ರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ. ಬೇಕಾದ್ರೆ ಗುಬ್ಬೀಲಿರೋ ಕೌಸಲ್ಯಮ್ಮಜ್ಜೀನ ಕೇಳಿ. ಅವರು ಸುಳ್ಳು ಹೇಳಲ್ಲ, ಹೇಳೋಕೆ ಪುರುಸೊತ್ತೂ ಇಲ್ಲ.

“ತಾತಾ! ಮತ್ತೆ ಎರರ್!” ಅನನ್ಯ ಕಿರುಚಿದಳು.

ಹಳೇ ಟೀವಿ ಮುಂದೆ ಜಯರಾಮಯ್ಯ ತಾತನ ಇನ್ನೂ ಹಳೇ ಕಂಪ್ಯೂಟರ್ ಕೂತಿತ್ತು. ನೋಡೋಕೆ ದಪ್ಪನೆ ಕೀಬೋರ್ಡು, ಅಷ್ಟೇ. ಪಕ್ಕದಲ್ಲಿ ಟಿಫಿನ್ ಬಾಕ್ಸಿನಷ್ಟು ದೊಡ್ಡ ಫ್ಲಾಪಿ ಡ್ರೈವ್. ತೆಳ್ಳಗಿನ ಕರೀ ಫ್ಲಾಪಿನ ಅದರ ಬಾಯಿಗೆ ತೂರಿಸಿದ್ರೆ, ಅದು ಓದಿ ಗೇಮ್ ತೋರಿಸ್ಬೇಕು. ಈಗ ಓದ್ತಾನೇ ಇರಲಿಲ್ಲ.

“ನಿನ್ನೆ ಮಧ್ಯಾಹ್ನ ಓದ್ತಲ್ಲೇ?”

“ಓದ್ತು. ಕಿರ್ ಕಿರ್ ಅಂತಿತ್ತು ಅಂತ ಎಣ್ಣೆ ಬೇರೆ ಹಾಕಿದೀನಿ!”

ಆ ಮನೇಲಿ ಕಿರ್ ಅನ್ನೋದಕ್ಕೆಲ್ಲ ಕೊಬ್ಬರಿ ಎಣ್ಣೇನೇ ಔಷಧಿ. ಗೇಟು, ಉಯ್ಯಾಲೆ, ತಾತನ ಮಂಡಿ.

ಇನ್ನೇನು ಸುಶ್ಮಿತಾ ಬಂದ್ಬಿಡ್ತಾಳೆ. ‘ನಮ್ ತಾತ ವಿಡಿಯೋ ಗೇಮ್ ಮಾಡಿದಾರೆ’ ಅಂತ ಅನನ್ಯ ಕ್ಲಾಸಲ್ಲಿ ಹೇಳಿದ್ದೇ ತಪ್ಪಾಯ್ತು. “ಯಾರು, ಅಮೃತೂರಲ್ಲಿ ಎಮ್ಮೆ ಮೇಲೆ ಕೂತು ಬಸ್ಸನ್ನ ಓವರ್‌ಟೇಕ್ ಮಾಡಿದ್ರಂತಲ್ಲ, ಅವ್ರಾ? ಬರೀ ರೀಲು!” ಅಂದಿದ್ಲು ಸುಶ್ಮಿತಾ. ಎಲ್ಲರೂ ನಕ್ಕಿದ್ರು. ಇವತ್ತು ಗೇಮ್ ಓಡ್ಲಿಲ್ಲ ಅಂದ್ರೆ ನಾಳೆಯಿಂದ ಇಡೀ ಕ್ಲಾಸಿಗೆ ಅವರು ‘ರೀಲ್ ತಾತ’.

ತಾತ ಪ್ಲಗ್ ಕಿತ್ತು, ಡ್ರೈವಿನ ಮುಚ್ಚಳ ಬಿಚ್ಚಿದ್ರು. ಫ್ಲಾಪಿ ಓದೋ ಹೆಡ್ಡು ಎರಡು ಕಂಬಿ ಮೇಲೆ ಹಿಂದೆ ಮುಂದೆ ಜಾರಬೇಕು. ಅನನ್ಯ ಬೆರಳಲ್ಲಿ ಮೆಲ್ಲಗೆ ತಳ್ಳಿದಳು. ಊಹೂಂ, ಅಲ್ಲಾಡ್ಲಿಲ್ಲ.

“ಚಳಿ ಕಣೇ. ಒಂದ್ ಸಲ ಚೇಳೂರಲ್ಲಿ ಎಂಥಾ ಚಳಿ ಅಂದ್ರೆ, ತೆಂಗಿನ ಮರಕ್ಕೆ ನಾನೇ ಮಫ್ಲರ್ ಸುತ್ತಿದ್ದೆ. ಥ್ಯಾಂಕ್ಸ್ ಅಂತ ಅದು ಬಗ್ಗಿ ಎರಡು ಎಳನೀರು ಕೊಡ್ತು.”

“ತಾತಾ, ಪ್ಲೀಸ್!”

“ಅನನ್ಯಾ, ಜಡೆ ಹಾಕ್ತೀನಿ ಬಾರೇ,” ಒಳಗಿಂದ ಕೌಸಲ್ಯಮ್ಮಜ್ಜಿ ಕೂಗಿದ್ರು. “ಮೊದ್ಲು ಆ ಎಣ್ಣೆ ಬಾಟ್ಲಿನ ಬಿಸಿಲಿಗಿಡು. ಕಲ್ಲಾಗಿದೆ.”

ಅನನ್ಯ ಬಾಟ್ಲಿನ ತಲೆಕೆಳಗು ಮಾಡಿದಳು. ಒಂದು ಹನೀನೂ ಬೀಳಲಿಲ್ಲ. ಒಳಗೆ ಬೆಳ್ಳಗೆ, ಮೇಣದ ಥರ ಗಟ್ಟಿ.

“ಅಯ್ಯೋ!” ಅಂದವಳೇ ಓಡಿಬಂದು ಡ್ರೈವಿನೊಳಗೆ ಬಗ್ಗಿ ನೋಡಿದಳು. ಕಂಬಿ ಮೇಲೂ ಅದೇ ಬಿಳಿ! ನಿನ್ನೆ ಬಿಸಿಲಲ್ಲಿ ನೀರಾಗಿದ್ದ ಎಣ್ಣೆ ರಾತ್ರಿ ಚಳೀಗೆ ಹೆಪ್ಪುಗಟ್ಟಿ ಹೆಡ್ಡನ್ನ ಹಿಡಕೊಂಡಿತ್ತು.

“ಅಜ್ಜೀ, ನಿನ್ ಇಂಜೆಕ್ಷನ್ ಸ್ಪಿರಿಟ್ ಎಲ್ಲಿ? ಬೇಗ!”

“ಯಾರಿಗೇನಾಯ್ತೇ?”

“ಫ್ಲಾಪಿ ಡ್ರೈವ್‌ಗೆ!”

ಹತ್ತಿ, ಸ್ಪಿರಿಟ್ಟು, ಒರೆಸಿದ್ದೇ ಒರೆಸಿದ್ದು. ಎಲ್ಲಾ ಆರಿದ ಮೇಲೆ ಚಳೀಗೂ ಗಟ್ಟಿಯಾಗದ ಹೊಲಿಗೆ ಮಿಷನ್ನಿನ ಎಣ್ಣೆ, ಒಂದೇ ತೊಟ್ಟು. ಬೆರಳಲ್ಲಿ ತಳ್ಳಿದ್ರೆ ಹೆಡ್ಡು ಸರ್ರ್ ಅಂತ ಜಾರಿತು.

ಅಷ್ಟರಲ್ಲಿ ಗೇಟಿನ ಸದ್ದು. ಸುಶ್ಮಿತಾ ಬಂದು ಚೇರಲ್ಲಿ ಕೂತೇಬಿಟ್ಟಳು. “ಎಲ್ಲೇ ಗೇಮು?”

ತಾತ ಪ್ಲಗ್ ಹಾಕಿ, ಫ್ಲಾಪಿ ತೂರಿಸಿ, ಏನೋ ಟೈಪ್ ಮಾಡಿದ್ರು. ಅನನ್ಯ ಡ್ರೈವಿಗೇ ಕಿವಿ ಇಟ್ಟಳು.

ಟರ್ರ್. ಟಕ್. ಟರ್ರ್... ಪೀಂ!

ಪರದೆ ಮೇಲೆ ಹಸಿರು ಗುಡ್ಡ, ಹಳದಿ ಬಾಳೆಗೊನೆ, ಒಂದು ಕೆಂಪು ಚೌಕ.

“ಇದು ದೇವರಾಯನದುರ್ಗದ ಕೋತಿ,” ಅಂದ್ರು ತಾತ ಗಂಭೀರವಾಗಿ.

“ಕೋತೀನಾ? ಇದು ಚೌಕ ತಾತಾ!”

“ಓಡಿಸಿ ನೋಡು.”

ಸುಶ್ಮಿತಾ ಕೀ ಒತ್ತಿದಳು. ಚೌಕ ಚಂಗನೆ ಹಾರಿ, ಬಾಳೆಹಣ್ಣು ಕಿತ್ತು, ಪರಾರಿ! “ಏಯ್, ಸೂಪರ್ ಕಣೇ! ನಿಜವಾಗ್ಲೂ ನಿಮ್ ತಾತಾನೇ ಮಾಡಿದ್ದಾ!”

ತಾತನ ಮುಖ ಅರಳಿತು. “ಇದನ್ನ ಮಾಡೋವಾಗ ಏನಾಯ್ತು ಗೊತ್ತಾ ಸುಶ್ಮಿತಾ? ದುರ್ಗದಿಂದ ಒಂದು ಮುದಿ ಕೋತಿ ಬಂತು. ನನ್ ಪಕ್ಕಾನೇ ಕೂತು, ಜಯರಾಮಯ್ಯನೋರೇ, ಬಾಲ ಇಷ್ಟುದ್ದ ಇರ್ಲಿ ಅಂತ...”

“ತಡಿ, ಕ್ಲಾಸಲ್ಲಿ ನಕ್ಕಿದ್ನಲ್ಲ ಕಾಂತೇಶ, ಅವನ್ನೂ ಕರ್ಕೊಂಡ್ ಬರ್ತೀನಿ!” ಸುಶ್ಮಿತಾ ಎದ್ದು ಹೊರಗೆ ಓಡಿದಳು.

ಬಾಲ ಎಷ್ಟುದ್ದ ಅಂತ ತೋರಿಸೋಕೆ ಅಗಲಿಸಿದ್ದ ತಾತನ ಕೈ ಎರಡೂ ಹಾಗೇ ಗಾಳೀಲಿ ನಿಂತಿದ್ವು.

ಅನನ್ಯ ಪರದೆ ನೋಡಿದಳು. ಆ ಕೈಗಳನ್ನ ನೋಡಿದಳು. ಆಮೇಲೆ ಖಾಲಿ ಚೇರನ್ನ ತಾತನ ಹತ್ರಕ್ಕೆ ಎಳೆದು ಕೂತಳು.

“ಅಷ್ಟೇನಾ ತಾತ? ಇನ್ನೂ ಉದ್ದ ಕೇಳ್ಲಿಲ್ವಾ ಅದು?”