ಹಿಮದಡಿಯ ಹೈಡ್ರಂಟ್

ಮೂರನೆಯ ಗುಂಡಿಯಲ್ಲೂ ಬರೀ ಒಣಹುಲ್ಲು. ಸೈಮಿ ಸಲಿಕೆ ಊರಿ ನಿಂತು ಏದುಸಿರು ಬಿಟ್ಟಳು. ಕೈಗವಸು ಒದ್ದೆಯಾಗಿ ಬೆರಳುಗಳು ಮರಗಟ್ಟಿದ್ದವು. ಅವಳ ಸೊಂಟದೆತ್ತರದ ಕಂಬ, ಅದೂ ಕೆಂಪು ಬಣ್ಣದ್ದು, ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿರಲಿಲ್ಲ, ಪಾಪ. ಹಿಮದಡಿ ಎಲ್ಲೋ ತೆಪ್ಪಗೆ ನಿಂತಿತ್ತು.

ಅದು ಹೈಡ್ರಂಟ್. ಬೆಂಕಿ ಬಿದ್ದರೆ ಅಗ್ನಿಶಾಮಕದವರು ಬಂದು ಪೈಪು ಸಿಕ್ಕಿಸುವುದು ಅದಕ್ಕೇ. ಕಂಬ ಊರಿನದು. ಆದರೆ ಅದು ನಿಂತಿರುವುದು ಸೈಮಿಯ ಮನೆಯ ಡ್ರೈವ್‌ವೇ ಪಕ್ಕ, ಅವರದೇ ಜಾಗದಲ್ಲಿ. ಹಾಗಾಗಿ ಚಳಿಗಾಲವಿಡೀ ಅದರ ಸುತ್ತ ಮೂರು ಅಡಿ ಜಾಗದ ಹಿಮ ತೆಗೆದಿಡುವುದು ಆ ಮನೆಯವರ ಕೆಲಸ. ಮನೆ ಕೊಂಡಾಗ ಅಪ್ಪ ಹಾಗಂತ ಸಹಿ ಹಾಕಿದ್ದ. ಈ ವರ್ಷ ಸೈಮಿಗೆ ಹತ್ತು ತುಂಬಿತು ನೋಡಿ, ಕೆಲಸ ಅವಳ ಪಾಲಿಗೆ ಬಂತು. ಡಿಸೆಂಬರ್, ಜನವರಿಯಲ್ಲಿ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಎಲ್ಲ ಕೆಟ್ಟದ್ದು ಹಿಮದ ಕೋಟೆಯಿಂದ. ಎಷ್ಟೇ ಹಿಮ ಬಿದ್ದರೂ ಜಾಗ ಗೊತ್ತಾಗಲಿ ಎಂದು ಹೈಡ್ರಂಟಿಗೆ ಒಂದು ಉದ್ದನೆಯ ಸರಳು, ಅದರ ತುದಿಗೆ ಪುಟ್ಟ ಬಾವುಟ ಇರುತ್ತದೆ. ಅದರ ಬೋಲ್ಟು ಸಡಿಲವಾಗಿತ್ತು. ಗುರುವಾರ ಸೈಮಿ ಅದನ್ನು ಕಿತ್ತು ಹಿತ್ತಲಲ್ಲಿ ಕಟ್ಟಿದ ತನ್ನ ಕೋಟೆಗೆ ನೆಟ್ಟಳು. ಸಂಜೆ ವಾಪಸ್ ಇಟ್ಟರಾಯಿತು ಅಂದುಕೊಂಡಳು. ಮರೆತೇಬಿಟ್ಟಳು.

ಆಮೇಲೆ ಶುರುವಾದ ಹಿಮ ಎರಡು ದಿನ ಬಿಡಲಿಲ್ಲ. ಇವತ್ತು ನಸುಕಿನಲ್ಲಿ ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಡ್ರೈವ್‌ವೇ ಹಿಮವನ್ನೆಲ್ಲ ಮುಂದೆ ಹಲಗೆ ಸಿಕ್ಕಿಸಿದ ಟ್ರಕ್ಕಿನಿಂದ ಒಂದು ಬದಿಗೆ ತಳ್ಳಿದ. ಬಾವುಟ ಇಲ್ಲದೆ ಅವನಿಗೂ ಅಂದಾಜು ತಪ್ಪಿತ್ತು, ಹೈಡ್ರಂಟ್ ಇದ್ದ ಕಡೆಗೇ ತಳ್ಳಿದ. ಸೈಮಿ ಕಿಟಕಿಯಿಂದ ನೋಡುತ್ತಲೇ ಇದ್ದಳು. ತುಟಿ ಪಿಟಕ್ ಅನ್ನಲಿಲ್ಲ.

ನಾಲ್ಕನೆಯ ಗುಂಡಿ ತೋಡಲು ಬಾಗಿದವಳ ಮೂಗಿಗೆ ಹೊಗೆ ವಾಸನೆ ಬಡಿಯಿತು. ಎದುರು ಮನೆಯ ಹಿಲ್ಯಾ ಮುಮ್ಮು ಸೌನಾ ಒಲೆ ಹಚ್ಚಿದ್ದಳು. ಮುಮ್ಮು ಅಂದರೆ ಅಜ್ಜಿ. ಬೀದಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಶನಿವಾರ ಬಂತೆಂದರೆ ಹಿತ್ತಲಿನ ಆ ಪುಟ್ಟ ಮರದ ಮನೆಯಲ್ಲಿ ಅವಳ ಹಬೆಸ್ನಾನ.

ಸೈಮಿ ಅತ್ತ ನೋಡಿದಳು. ಮರದ ಗೋಡೆ, ಮರದ ಮಾಡು, ಒಳಗೆ ಸೌದೆ ಒಲೆ. ಪ್ರತಿವಾರ ಉರಿಯುವ ಒಲೆಯೇ, ಆದರೆ ಇವತ್ತು ಹೊಗೆ ದಪ್ಪಗೆ, ಕರ್ರಗೆ ಕಂಡಿತು. ಚಿಮಣಿಯಿಂದಲೇ ಬರುತ್ತಿದೆಯೋ, ಮಾಡಿನಿಂದಲೋ? ಇಷ್ಟು ವರ್ಷ ಇಲ್ಲದ ಬೆಂಕಿ ಇವತ್ತೇ ಬೀಳುತ್ತಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಿದ್ದರೆ? ಎಂದು ಮನಸ್ಸು ಕೇಳಿತು. ಸಲಿಕೆ ಬಿಸಾಕಿ ಓಡಿದಳು.

ಮುಮ್ಮು ಸೌದೆ ಹಿಡಿದು ಸೌನಾ ಬಾಗಿಲಲ್ಲಿ ನಿಂತಿದ್ದಳು.

"ಮುಮ್ಮು, ಒಲೆ ಆರಿಸ್ತೀರಾ?"

"ಆರಿಸೋದಾ? ನಮ್ಮೆಜಮಾನ್ರು ತೀರ್ಕೊಂಡ ವಾರಾನೂ ನಾನು ಸೌನಾ ತಪ್ಪಿಸ್ದೋಳಲ್ಲ ಕಣೇ. ಏನಾಯ್ತು ನಿಂಗೆ?"

ಸೈಮಿ ತನ್ನ ಮನೆಯ ಕಡೆ ಕೈ ತೋರಿಸಿದಳು. "ಹೈಡ್ರಂಟ್ ಸಿಗ್ತಿಲ್ಲ. ಬಾವುಟ ಕಿತ್ತಿದ್ದು ನಾನೇ. ಅಪ್ಪ ಹಿಮ ತಳ್ಳೋವಾಗ ನೋಡ್ತಾನೇ ಇದ್ದೆ, ಹೇಳ್ಲಿಲ್ಲ."

ಮುಮ್ಮು ಬೈದಿದ್ದರೇ ಚೆನ್ನಾಗಿತ್ತು. ಅವಳು ಸೌದೆ ಕೆಳಗಿಟ್ಟು ಒಳಗೆ ಹೋದಳು. ಉರಿಯುತ್ತಿದ್ದ ಕೊಳ್ಳಿ, ಕೆಂಡವನ್ನೆಲ್ಲ ಕಬ್ಬಿಣದ ಬಕೆಟ್ಟಿಗೆ ಎಳೆದು ತಂದು ಹಿಮಕ್ಕೆ ಸುರಿದಳು. ಚುಂಯ್ ಎಂದು ಹಬೆ ಎದ್ದಿತು. ಆಮೇಲೆ ತನ್ನ ಸಲಿಕೆಯನ್ನೂ ಹಳೆಯ ಸ್ಕೀ ಕೋಲನ್ನೂ ತೆಗೆದುಕೊಂಡು, ನಡಿ ತೋರಿಸು ಎಂದಳು.

ಹೆಜ್ಜೆಗೊಮ್ಮೆ ಕೋಲು ಚುಚ್ಚುತ್ತ ಹೋದರು. ಎಲ್ಲಿ ಚುಚ್ಚಿದರೂ ಮೆತ್ತಗೆ ನೆಲಕ್ಕೆ ತಾಗುತ್ತಿತ್ತು. ಹಿಮದ ಗುಡ್ಡೆಯ ಆಚೆ ತುದಿಯಲ್ಲಿ, ಸೈಮಿ ತೋಡಿದ ಜಾಗದಿಂದ ಎಷ್ಟೋ ದೂರದಲ್ಲಿ, ಟಣ್ ಅಂತು. ಇಬ್ಬರೂ ಅಗೆದರು. ಮುಮ್ಮು ಎರಡು ಸಲ ಗುಡ್ಡೆಯ ಮೇಲೇ ಕೂತು ಸುಧಾರಿಸಿಕೊಂಡಳು.

"ಬಾವುಟ ಇದ್ಯಾ ಅಂತ ನಾನು ಒಂದಿನಾನೂ ಇಣುಕಿ ನೋಡ್ಲಿಲ್ಲ ಕಣೇ," ಅಂದಳು ಎರಡನೆಯ ಸಲ. "ನೀನು ನೋಡ್ಕೊತಿದ್ದೀಯಲ್ಲ ಅಂತ."

ಸೈಮಿ ತಲೆ ಎತ್ತಲಿಲ್ಲ. ಇನ್ನೂ ಜೋರಾಗಿ ಅಗೆದಳು. ಕೆಂಪು ಬಣ್ಣ ಪೂರ್ತಿ ಕಾಣುವ ಹೊತ್ತಿಗೆ, ಅಪ್ಪನಿಗೆ ತಾನೇ ಹೇಳುವುದಾಗಿ ಮೆಲ್ಲಗೆ ಅಂದಳು. ಮುಮ್ಮು ತಲೆಯಾಡಿಸಿ ಮನೆ ಕಡೆ ನಡೆದಳು.

ಸೈಮಿ ಕೋಟೆಯಿಂದ ಬಾವುಟ ತಂದು ಮತ್ತೆ ಸಿಕ್ಕಿಸುವ ಹೊತ್ತಿಗೆ ಸೌನಾ ಬಾಗಿಲಿಂದ ಕೂಗು ಕೇಳಿತು. ಮುಮ್ಮು ಕೈಯಲ್ಲಿ ಬೆಂಕಿಪೆಟ್ಟಿಗೆ ಹಿಡಿದು ನಿಂತಿದ್ದಳು.

"ಸೈಮಿ, ಹಚ್ಚಲಾ?"

ಮುಮ್ಮು ಯಾರನ್ನೂ ಕೇಳಿ ಒಲೆ ಹಚ್ಚಿದವಳಲ್ಲ. ಸೈಮಿ ಮತ್ತೊಮ್ಮೆ ತಿರುಗಿ ನೋಡಿದಳು. ಹೈಡ್ರಂಟಿನ ಹಿಂದೆ ಒಂದು ಗೇಣಷ್ಟು ಹಿಮ ಉಳಿದಿತ್ತು. ಅದನ್ನೂ ತೆಗೆದಳು. ಸುತ್ತ ಒಂದು ಸುತ್ತು ನಡೆದು, ಮೂರು ಅಡಿ ಇದೆಯಾ ಎಂದು ಹೆಜ್ಜೆಯಿಂದ ಅಳೆದು ನೋಡಿದಳು.

"ಈಗ ಹಚ್ಚಿ, ಮುಮ್ಮು," ಅಂದಳು.